ಸಹಾಯ ಬೇಕು: ಬೇರೆಯವರ ಕೋಡ್ ಓದುವ ಕೌಶಲಕ್ಕೆ ಪರೀಕ್ಷೆ ಹೇಗೆ?

ನಾನು ಪದವಿ ತರಗತಿಗಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತೇನೆ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರತಿಯೊಬ್ಬರೂ ಖಾಲಿ ಫೈಲಿನಿಂದ ಆರಂಭಿಸಿ ಐವತ್ತು ಸಾಲಿನ ಪ್ರೋಗ್ರಾಂ ಬರೆದು ಮುಗಿಸುತ್ತಾರೆ. ಆದರೆ ಕೆಲಸಕ್ಕೆ ಸೇರಿದ ಹಳೆಯ ವಿದ್ಯಾರ್ಥಿಗಳು ಹೇಳುವಂತೆ, ಅಲ್ಲಿ ಮೊದಲ ವಾರವೇ ಎದುರಾಗುವುದು ಯಾರೋ ಬರೆದಿಟ್ಟ ಸಾವಿರಾರು ಸಾಲುಗಳ ಕೋಡ್ ಮತ್ತು ಅದರಲ್ಲಿನ ದೋಷವನ್ನು ಹುಡುಕುವ ಹೊಣೆ.

ಕಳೆದ ಸೆಮಿಸ್ಟರಿನಲ್ಲಿ, ಕೋಡಿನ ಬದಲಾವಣೆಗಳನ್ನು ದಾಖಲಿಸಿ ತಂಡದವರ ಕೆಲಸವನ್ನು ಒಂದುಗೂಡಿಸುವ ಗಿಟ್ ಕಲಿಸಿ ನೋಡಿದೆ (2005ರಿಂದ ಬಳಕೆಯಲ್ಲಿರುವ ಈ ಸಾಧನ ನಮ್ಮ ಪಠ್ಯಕ್ರಮಕ್ಕೆ ಇನ್ನೂ ಬಂದಿಲ್ಲವೆಂಬುದು ಬೇರೆ ಮಾತು). ನಾಲ್ವರ ತಂಡವೊಂದರಲ್ಲಿ ಇಬ್ಬರು ಒಂದೇ ಸಾಲನ್ನು ತಿದ್ದಿ ಮರ್ಜ್ ಕಾನ್‌ಫ್ಲಿಕ್ಟ್ (ಯಾರ ತಿದ್ದುಪಡಿ ಉಳಿಯಬೇಕೆಂಬ ಘರ್ಷಣೆ) ಬಂದೊಡನೆ, ಅದನ್ನು ಬಿಡಿಸುವ ಬದಲು ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸದಾಗಿ ಶುರುಮಾಡಿದರು. ಕೊನೆಗೆ ಒಬ್ಬಳೇ ದುಡಿದಳು, ಅಂಕ ನಾಲ್ವರಿಗೂ ಬಂತು. ಉದ್ಯೋಗ ಪ್ರಕಟಣೆಗಳನ್ನೂ ಜಾಲಾಡಿದೆ; ಅಲ್ಲಿ ಫ್ರೇಮ್‌ವರ್ಕ್‌ಗಳ (ಸಿದ್ಧ ಕೋಡ್ ಚೌಕಟ್ಟುಗಳ) ಹೆಸರೇ ತುಂಬಿದ್ದು, ಇವರು ಪದವಿ ಮುಗಿಸುವಷ್ಟರಲ್ಲಿ ಅವುಗಳಲ್ಲಿ ಎಷ್ಟು ಉಳಿದಿರುತ್ತವೆಯೋ ಎಂಬ ಅನುಮಾನ ನನಗಿದೆ. ಹಾಗೆಂದು ಡೇಟಾ ಸ್ಟ್ರಕ್ಚರ್ಸ್ (ದತ್ತಾಂಶವನ್ನು ಜೋಡಿಸಿಡುವ ಮೂಲ ವಿಧಾನಗಳು) ಪಾಠವನ್ನು ಮೊಟಕುಗೊಳಿಸಲು ಮನಸ್ಸೊಪ್ಪುತ್ತಿಲ್ಲ.

ಕಲಿಸುವುದು ಹೇಗೋ ಸಾಧ್ಯವಾದೀತು, ನಾನು ಸಿಕ್ಕಿಹಾಕಿಕೊಂಡಿರುವುದು ಮೌಲ್ಯಮಾಪನದಲ್ಲಿ. ಬೇರೆಯವರ ಕೋಡನ್ನು ಓದಿ ತಿದ್ದುವ ಸಾಮರ್ಥ್ಯವನ್ನು ಮೂರು ಗಂಟೆಯ ಪರೀಕ್ಷೆಯಲ್ಲಿ, ಒಬ್ಬೊಬ್ಬರಿಗೂ ನ್ಯಾಯವಾಗಿ ಅಂಕ ಸಿಗುವಂತೆ ಅಳೆಯುವ ಪ್ರಶ್ನೆಪತ್ರಿಕೆಯನ್ನು ನಿಮ್ಮಲ್ಲಿ ಯಾರಾದರೂ ರೂಪಿಸಿದ್ದೀರಾ? ಕೋಡ್ ಎಷ್ಟು ದೊಡ್ಡದಿತ್ತು, ಅಂಕಗಳನ್ನು ಹೇಗೆ ಹಂಚಿದಿರಿ?