ಟಾರ್ಗೆಟ್ ಕಷ್ಟ, ಕೆಲಸ ಪರವಾಗಿಲ್ಲ: ಇದನ್ನೂ ಪರಕೀಯತೆ ಅನ್ನಬಹುದಾ?

ಸಂಜೆಶಿಫ್ಟ್:
ಬಂಡವಾಳಶಾಹಿಯಲ್ಲಿ ಕಾರ್ಮಿಕರು ತಮ್ಮ ಕೆಲಸಕ್ಕೇ ಪರಕೀಯರಾಗುತ್ತಾರೆ ಅಂತ ಮಾರ್ಕ್ಸ್ 1844ರ ಟಿಪ್ಪಣಿಗಳಲ್ಲಿ ಬರೆದಿದ್ದಾನೆ. ನಮ್ಮಕ್ಕ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಟೈಲರ್. ಕೇಳಿದರೆ ಕೆಲಸ ಪರವಾಗಿಲ್ಲ, ಟಾರ್ಗೆಟ್ಟೇ ಕಷ್ಟ ಅನ್ನುತ್ತಾಳೆ. ಕೈಯಲ್ಲಿ ಸ್ವಂತ ದುಡ್ಡಿದೆ ಅನ್ನೋ ಖುಷಿಯೂ ಇದೆ. ಅವಳಿಗೆ ಈ ಮಾತು ಹೊಂದುತ್ತಾ, ಅಥವಾ ಓದಿದವರು ಸುಮ್ನೆ ಅವಳ ಮೇಲೆ ಹೊರಿಸೋದಾ?

ಸೂಜಿದಾರ:
ಹೊಂದುತ್ತೆ. ಮಾರ್ಕ್ಸ್ ಹೇಳಿದ್ದು ಬೇಜಾರಿನ ವಿಷಯ ಅಲ್ಲ. ಮಾಡಿದ ವಸ್ತುವೂ ಮಾಡುವ ರೀತಿಯೂ ಕೆಲಸಗಾರರ ಕೈಲಿ ಇಲ್ಲದಿರೋದೇ ಪರಕೀಯತೆ, ನಗುನಗುತ್ತಾ ಕೆಲಸ ಮಾಡುವವರಿಗೂ ಇದು ಇರುತ್ತೆ. ಅಕ್ಕನ ಲೈನ್ ಹೇಗೆ ನಡೆಯುತ್ತೆ ನೋಡಿ. ಒಬ್ಬರು ಕಾಲರ್, ಒಬ್ಬರು ಕಫ್, ಇನ್ನೊಬ್ಬರು ತೋಳು ಕೂಡಿಸೋದು, ಆಮೇಲೆ ಕಾಜಾ, ಗುಂಡಿ. ದಿನವಿಡೀ ಕಫ್ ಹೊಲಿದವಳಿಗೆ ಒಂದು ಶರ್ಟು ಹೊಲಿದೆ ಅಂತ ಹೇಳೋಕಾಗಲ್ಲ. ಗಂಟೆಗೆ ಎಷ್ಟು ಪೀಸ್ ಅನ್ನೋದು ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತವನ ಲೆಕ್ಕ. ಶರ್ಟು ಹಡಗು ಹತ್ತಿ ಎಲ್ಲಿಗೋ ಹೋಗುತ್ತೆ. ನನಗೆ ತುಂಬಾ ಕಾಡೋದು ಇನ್ನೊಂದು: ಹಿಂದಿನ ಮಿಷಿನ್‌ನವಳು ನಿಧಾನ ಮಾಡಿದರೆ ಇವಳ ಪ್ರೊಡಕ್ಷನ್ ಬೀಳುತ್ತೆ, ಆಗ ಸಿಟ್ಟು ಬರೋದು ಟಾರ್ಗೆಟ್ ಹಾಕಿದವರ ಮೇಲಲ್ಲ, ಅವಳ ಮೇಲೆ. ಮನುಷ್ಯರು ಒಬ್ಬರಿಂದೊಬ್ಬರು ದೂರವಾಗೋದೂ ಇದರ ಒಂದು ಭಾಗ ಅಂತ ಮಾರ್ಕ್ಸ್ ಹೇಳುತ್ತಾನೆ.

ಹಳೆಮಗ್ಗ:
ಎಲ್ಲ ಸರಿ, ಆದರೆ ಹಳೇ ಕಸುಬುಗಳನ್ನು ಚಂದ ಮಾಡಿ ತೋರಿಸಬೇಡಿ. ಮಗ್ಗದವರು ಪೂರ್ತಿ ಸೀರೆ ನೇಯುತ್ತಿದ್ದರು ನಿಜ, ಬೇರೆ ಕಸುಬು ಆರಿಸಿಕೊಳ್ಳೋಕೆ ಜಾತಿ ಬಿಟ್ಟಿತ್ತಾ? ಜಾತಿ ಬರೀ ಕೆಲಸ ಹಂಚಲಿಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿತು ಅಂತ ಅಂಬೇಡ್ಕರ್ 1936ರಲ್ಲೇ ವಾದಿಸಿದ್ದರು. ಊರು ಬಿಟ್ಟು ಗಾರ್ಮೆಂಟ್ಸ್ ಸೇರಿದ ಹೆಣ್ಣುಮಕ್ಕಳಿಗೆ ಸಂಬಳ ಅಂದರೆ ಬರೀ ದುಡ್ಡಲ್ಲ.

ತುಮಕೂರುರೋಡ್:
ಪರಕೀಯತೆ, ಸಂಬಳದ ಖುಷಿ ಎರಡೂ ಒಟ್ಟಿಗೇ ನಿಜ ಆಗಬಹುದು ಅಲ್ವಾ? ಅಮೆರಿಕದ ಕಾರು ಕಂಪನಿ ಫೋರ್ಡ್ 1913ರಲ್ಲಿ ಚಲಿಸುವ ಲೈನ್ (ಕಾರು ಮುಂದೆ ಸಾಗುತ್ತೆ, ಒಬ್ಬೊಬ್ಬರು ಒಂದೊಂದೇ ಕೆಲಸ ಮಾಡ್ತಾರೆ) ತಂದಾಗ ಜನ ನಿಲ್ಲಲೇ ಇಲ್ಲ. ಬಿಟ್ಟು ಹೋಗುವವರ ಪ್ರಮಾಣ ಆ ವರ್ಷ ಶೇಕಡ 370ರಷ್ಟಿತ್ತು, ಅಂದರೆ ನೂರು ಜನರ ಜಾಗಕ್ಕೆ ವರ್ಷದಲ್ಲಿ ಸುಮಾರು 370 ಜನರನ್ನು ಸೇರಿಸಬೇಕಿತ್ತು. 1914ರಲ್ಲಿ ದಿನಕ್ಕೆ 5 ಡಾಲರ್ ಸಂಬಳ ಅಂದಮೇಲೆ ಸಾಲುಗಟ್ಟಿ ಬಂದರು. ಸಂಬಳ ಜಾಸ್ತಿ ಆಯಿತು, ಲೈನ್ ಹಾಗೇ ಓಡುತ್ತಿತ್ತು.

ನಮ್ಮಲ್ಲಿ 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಮಾಲೀಕರ ಪಾಲಿನ ಪಿಎಫ್ 58 ವರ್ಷದ ತನಕ ಸಿಗಲ್ಲ ಅಂತ ನಿಯಮ ಬಂದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ದೊಡ್ಡ ಸಂಘಟನೆಯೇನೂ ಮುಂದೆ ನಿಂತು ಕರೆದಿರಲಿಲ್ಲ. ಎರಡನೇ ದಿನ, 19ಕ್ಕೆ, ಕೇಂದ್ರ ಆ ನಿಯಮ ವಾಪಸ್ ತೆಗೆದುಕೊಂಡಿತು. ಫ್ಲೋರ್‌ನಲ್ಲಿ ಪೀಸ್ ಲೆಕ್ಕಕ್ಕೆ ಜಗಳ ಆಡುತ್ತಿದ್ದವರೇ ಅವತ್ತು ಜೊತೆಗೆ ನಿಂತಿದ್ದು.

ಹಳೆಮಗ್ಗ:
ಇದು ಒಪ್ಪುವ ಮಾತು. ಆದರೆ ಫೋರ್ಡ್‌ನ ಆ 5 ಡಾಲರ್‌ಗೂ ಷರತ್ತಿತ್ತು. ಕಂಪನಿ ಕಡೆಯವರು ಮನೆಗೇ ಬಂದು ಕುಡಿಯುತ್ತಾರಾ, ಉಳಿತಾಯ ಇದೆಯಾ, ಮನೆ ಚೊಕ್ಕಟವಾಗಿದೆಯಾ ಅಂತ ವಿಚಾರಿಸಿ ಹೋಗುತ್ತಿದ್ದರು.

ಸಂಜೆಶಿಫ್ಟ್:
ಮನೆಗೇ ಬರುತ್ತಿದ್ದರಾ! ಅಕ್ಕನ ಕಡೆ ಟಾಯ್ಲೆಟ್‌ಗೆ ಹೋದರೆ ನಿಮಿಷ ಎಣಿಸುತ್ತಾರೆ, ಅಷ್ಟು ಗೊತ್ತು.