ಸಹಾಯ ಬೇಕು: ಪಿಕಳಾರಕ್ಕೆ ತೊಂದ್ರೆ ಕೊಡದೆ ಗೂಡಿನ ಫೋಟೋ ತೆಗೆಯೋದು ಹೇಗೆ?

ಎಲ್ರಿಗೂ ನಮಸ್ಕಾರ. ಬಾಲ್ಕನೀಲಿ ನೇತುಹಾಕಿರೋ ಕುಂಡದೊಳಗೆ ಪಿಕಳಾರ ಗೂಡು ಕಟ್ಟಿದೆ, ನೀರು ಹಾಕೋಕೆ ಅಂತ ಎಲೆ ಸರಿಸಿದಾಗ್ಲೇ ಗೊತ್ತಾಗಿದ್ದು. ಅಂಗೈಯಷ್ಟು ಬಟ್ಟಲು, ಒಣಗಿದ ನಾರು, ಜೇಡರ ಬಲೆ ಸೇರಿಸಿ ಎಷ್ಟು ಚಂದ ಹೆಣೆದಿದೆ ಗೊತ್ತಾ, ಒಳಗೆ 3 ಮೊಟ್ಟೆ, ತಿಳಿ ಗುಲಾಬಿ ಮೇಲೆ ಕೆಂಗಂದು ಚುಕ್ಕೆ.

ಮರಿ ಹಾರೋವರೆಗೂ ಫೋಟೋ ತೆಗೆದಿಡಬೇಕು ಅಂತ ತುಂಬಾ ಆಸೆ. ಗೂಡು ಮುಟ್ಟಿಲ್ಲ, ಫ್ಲಾಶ್ ಹಾಕಿಲ್ಲ. ಮೊದಲ ದಿನ ಹತ್ರ ಹೋಗಿ ಮೊಬೈಲಲ್ಲಿ ತೆಗೆದೆ, ತಾಯಿ ಹಕ್ಕಿ ಪುರ್ ಅಂತ ಹಾರಿ ಎದುರಿನ ವೈರ್ ಮೇಲೆ ಕೂತು ಒಂದೇ ಸಮ ಕೂಗ್ತಿತ್ತು, ನಾನು ಒಳಗೆ ಬಂದು ಹತ್ತು ನಿಮಿಷ ಆದ್ಮೇಲೇ ವಾಪಸ್ ಬಂದಿದ್ದು, ಅಲ್ಲಿವರೆಗೂ ಜೀವದಲ್ಲಿ ಜೀವ ಇರ್ಲಿಲ್ಲ. ಆಮೇಲೆ ಕಿಟಕಿ ಗಾಜಿನ ಹಿಂದಿಂದ ಝೂಮ್ ಮಾಡಿದೆ, ಹಕ್ಕಿ ಕದಲ್ಲಿಲ್ಲ, ಆದ್ರೆ ಗಾಜಲ್ಲಿ ನನ್ನ ಮುಖಾನೇ ಕಾಣುತ್ತೆ, ಫೋಟೋ ಪೂರ್ತಿ ಮಸುಕು.

ಮೊಟ್ಟೆ ಇದ್ದಾಗ ಹೆದರಿಸಿದ್ರೆ ಗೂಡು ಬಿಟ್ಟುಹೋಗಬಹುದು, ಮರಿಗೆ ರೆಕ್ಕೆ ಬಲಿಯೋ ಹೊತ್ತಲ್ಲಿ ಹತ್ರ ಹೋದ್ರೆ ಹಾರೋಕೆ ಬರೋ ಮುಂಚೆನೇ ಹೊರಗೆ ಜಿಗಿದುಬಿಡ್ತವೆ. ಕಾವು ಕೂರೋದು ಸುಮಾರು 12 ದಿನ, ಮರಿ ಹಾರೋಕೂ ಹೆಚ್ಚುಕಮ್ಮಿ ಅಷ್ಟೇ. ಹಾಗಾದ್ರೆ ಇದ್ರ ಮಧ್ಯೆ ಯಾವಾಗ, ಎಷ್ಟು ದೂರದಿಂದ ತೆಗೆದ್ರೆ ಪರವಾಗಿಲ್ಲ? ಗಾಜಿನ ಹಿಂದಿಂದಲೇ ಪ್ರತಿಬಿಂಬ ಬೀಳದ ಹಾಗೆ ತೆಗೆಯೋಕೆ ದಾರಿ ಇದ್ಯಾ? ಗೂಡಿನ ಫೋಟೋ ತೆಗೆದು ಅನುಭವ ಇರೋರು ದಯವಿಟ್ಟು ಹೇಳಿ.