ಕಾಲೇಜು, ಬಸ್ಸು, ರಾಗಿಮುದ್ದೆ: ಟೈಪ್ 1 ಇರೋರು ಇನ್ಸುಲಿನ್ ಹೇಗೆ ಹೊಂದಿಸಿಕೊಳ್ಳೋದು?

ಮಾವಿನತೋಪು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 16 ವರ್ಷ, ತೂಕ 52 ಕೆಜಿ, ಟೈಪ್ 1 ಸಕ್ಕರೆ ಕಾಯಿಲೆ ಇದೆ. ಊರು ಶ್ರೀನಿವಾಸಪುರದ ಹತ್ತಿರ, ಕೋಲಾರದಲ್ಲಿ ಫಸ್ಟ್ ಪಿಯು ಸೈನ್ಸ್. ರಾತ್ರಿ 10ಕ್ಕೆ ಗ್ಲಾರ್ಜಿನ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡೋ ಇನ್ಸುಲಿನ್) 22 ಯೂನಿಟ್. ಊಟಕ್ಕೆ ಮುಂಚೆ ಲಿಸ್ಪ್ರೋ (ಬೇಗ ಕೆಲಸ ಮಾಡೋ ಇನ್ಸುಲಿನ್) ಪೆನ್ನು: ಬೆಳಿಗ್ಗೆ 8, ಮಧ್ಯಾಹ್ನ 10, ರಾತ್ರಿ 8. ಬೆಳಿಗ್ಗೆ ಏಳೂಕಾಲಿಗೆ ಬಸ್ಸು ಹತ್ತಿದರೆ ಮನೆ ಸೇರೋದು ಸಂಜೆ ಐದೂವರೆಗೆ.

ಮಧ್ಯಾಹ್ನದ ಸೂಜಿ ಕ್ಲಾಸಲ್ಲಿ ಎಲ್ಲರೆದುರು ಹಾಕ್ಕೊಳ್ಳೋಕೆ ಮುಜುಗರ. ಅದನ್ನ ಬಿಟ್ಟು ರಾತ್ರಿ ಡೋಸಿಗೆ ಸೇರಿಸಿಕೊಂಡರೆ ನಡೆಯುತ್ತಾ? ರಾಗಿ ಶುಗರ್‌ಗೆ ಒಳ್ಳೇದು ಅಂತ ಮನೆಯಲ್ಲಿ ರಾತ್ರಿ ಎರಡು ಮುದ್ದೆ ಇಡ್ತಾರೆ. ಆದರೆ ಮುದ್ದೆ ಉಂಡ ದಿನ ಮಲಗೋ ಹೊತ್ತಿಗೆ 280 ತೋರಿಸುತ್ತೆ, ಯಾಕೆ? ಬಸ್ಸಲ್ಲಿ ನಿಂತಿರುವಾಗ ಲೋ ಆದರೆ (ಶುಗರ್ ತೀರಾ ಇಳಿದರೆ) ಏನು ಮಾಡಬೇಕು? ನಮ್ಮದೇ ಮಾವಿನ ತೋಟ ಇದೆ, ಹಣ್ಣು ಮುಟ್ಟಲೇಬಾರದಾ? ಕೊನೇದಾಗಿ, ನಾಟಿ ಔಷಧಿ ಕೊಡಿಸಿ ಸೂಜಿ ಬಿಡಿಸೋಣ ಅಂತ ಅಜ್ಜಿ ದಿನಾ ಹೇಳ್ತಾರೆ. ಅವರಿಗೆ ಏನು ಉತ್ತರ ಕೊಡಲಿ?

ಶುಗರ್ ನರ್ಸ್, ತುಮಕೂರು

ತಮ್ಮಾ, ಮೊದಲು ಮಧ್ಯಾಹ್ನದ ಸೂಜಿ ವಿಷಯ. ಅದನ್ನ ಬಿಡೋ ಹಾಗೇ ಇಲ್ಲ, ರಾತ್ರಿಗೆ ಸೇರಿಸೋದಂತೂ ಇನ್ನೂ ಅಪಾಯ. ಲೆಕ್ಕ ನೋಡು. ನಿನ್ನ ದಿನದ ಒಟ್ಟು ಇನ್ಸುಲಿನ್ 48 ಯೂನಿಟ್. ಡಾಕ್ಟರುಗಳು ಅಂದಾಜಿಗೆ ಬಳಸೋ ಸಂಖ್ಯೆ 1800, 500. 1800ನ್ನ 48ರಿಂದ ಭಾಗಿಸಿದರೆ 37 ಚಿಲ್ಲರೆ. ಅಂದರೆ 1 ಯೂನಿಟ್ ಲಿಸ್ಪ್ರೋ ನಿನ್ನ ಶುಗರನ್ನ ಸುಮಾರು 37 ಇಳಿಸುತ್ತೆ. 500ನ್ನ 48ರಿಂದ ಭಾಗಿಸಿದರೆ 10 ಚಿಲ್ಲರೆ, ಅಂದರೆ 1 ಯೂನಿಟ್ ಸುಮಾರು 10 ಗ್ರಾಂ ಕಾರ್ಬ್ (ಊಟದಲ್ಲಿರೋ ಪಿಷ್ಟ, ಸಕ್ಕರೆ) ನೋಡಿಕೊಳ್ಳುತ್ತೆ. ಇವು ಶುರು ಮಾಡೋಕೆ ಇರುವ ಅಂದಾಜು. ನಿನ್ನ ಡಾಕ್ಟರ್ ಹತ್ತಿರ ತೋರಿಸಿ ಖಚಿತ ಮಾಡಿಕೊಂಡು ಪುಸ್ತಕದಲ್ಲಿ ಬರೆದಿಟ್ಟುಕೋ.

ಈಗ 10 ಯೂನಿಟ್ ಹಾಕದೆ ಊಟ ಮಾಡಿದೆ ಅಂದುಕೋ. ಹತ್ತು ಮೂವತ್ತೇಳಲಿ 370. ಊಟಕ್ಕೆ ಮುಂಚೆ 140 ಇದ್ದರೆ ಲೆಕ್ಕದ ಪ್ರಕಾರ 500ರ ಹತ್ತಿರ ಹೋಗುತ್ತೆ. ಕಿಡ್ನಿ ಒಂದಷ್ಟನ್ನ ಮೂತ್ರದಲ್ಲಿ ಹೊರಗೆ ಹಾಕೋದರಿಂದ ಅಷ್ಟು ಹೋಗದೇ ಇರಬಹುದು, ಆದರೆ ಕೊನೇ ಎರಡು ಪೀರಿಯಡ್ ಬಾಯಾರಿಕೆ, ತಲೆನೋವು, ಎದ್ದೆದ್ದು ಟಾಯ್ಲೆಟ್ಟಿಗೆ ಓಡೋದು, ಬೋರ್ಡ್ ಮೇಲಿನ ಅಕ್ಷರ ಮಂಜು. ರಾತ್ರಿ 8ರ ಜೊತೆ ಈ 10ನ್ನೂ ಸೇರಿಸಿ 18 ಹಾಕಿದರೆ, ಆ ಹೊತ್ತಿಗೆ ಮಧ್ಯಾಹ್ನದ ಅನ್ನ ಹೊಟ್ಟೆಯಲ್ಲಿ ಇರೋದಿಲ್ಲ. ಆ ಹೆಚ್ಚಿನ ಇನ್ಸುಲಿನ್ ನಿದ್ದೆಯಲ್ಲಿ ಲೋ ಮಾಡುತ್ತೆ. ಲಿಸ್ಪ್ರೋ ಕೆಲಸ ಮಾಡೋದು ಸುಮಾರು 4 ಗಂಟೆ, ಜೋರಾಗಿರೋದು 1ರಿಂದ 2ನೇ ಗಂಟೆಯಲ್ಲಿ. ಹಳೇ ಡೋಸ್ ಇನ್ನೂ ಕೆಲಸ ಮಾಡ್ತಿರುವಾಗ ಮೇಲೆ ಮೇಲೆ ಹಾಕಿಕೊಳ್ಳಬಾರದು ಅನ್ನೋದೂ ಅದಕ್ಕೇ.

ಕ್ಲಾಸಲ್ಲಿ ಹಾಕಿಕೊಳ್ಳೋದು ಎರಡು ನಿಮಿಷದ ಕೆಲಸ. 4 ಮಿಲಿಮೀಟರ್ ಸೂಜಿ ತಗೋ, ಚರ್ಮ ಹಿಡಿದೆತ್ತಬೇಕಾಗಿಲ್ಲ, ನೆಟ್ಟಗೆ ಚುಚ್ಚಿದರೆ ಸಾಕು. ಹೊಸ ಸೂಜಿ ಹಾಕು, 2 ಯೂನಿಟ್ ತಿರುಗಿಸಿ ಸೂಜಿ ಮೇಲೆ ಮಾಡಿ ಒತ್ತು, ತುದಿಯಲ್ಲಿ ಹನಿ ಕಾಣಬೇಕು. ಹನಿ ಬರದಿದ್ದರೆ ಮತ್ತೆ 2. ಆಮೇಲೆ ಡೋಸ್ ತಿರುಗಿಸಿ, ಶರ್ಟಿನ ಅಂಚು ಸ್ವಲ್ಪ ಎತ್ತಿ, ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು ಚುಚ್ಚು. ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗಿ. ಬೇಗ ತೆಗೆದರೆ ಒಂದೆರಡು ಯೂನಿಟ್ ಹೊರಗೇ ಒಸರುತ್ತೆ, ಆಮೇಲೆ ‘ಸರಿಯಾಗೇ ಹಾಕಿದ್ನಲ್ಲ, ಯಾಕೆ ಹೈ’ ಅಂತ ತಲೆ ಕೆಡಿಸಿಕೊಳ್ತಾರೆ. ಸೂಜಿಯನ್ನ ಪೆನ್ನಲ್ಲೇ ಬಿಡಬೇಡ, ಕಾರ್ಟ್ರಿಡ್ಜ್ (ಪೆನ್ನಿನೊಳಗಿನ ಇನ್ಸುಲಿನ್ ಕೊಳವೆ) ಒಳಗೆ ಗಾಳಿ ಸೇರುತ್ತೆ. ಟಾಯ್ಲೆಟ್ಟಲ್ಲಿ ಹಾಕಿಕೊಳ್ಳೋ ಕರ್ಮ ಬೇಡ. ಕ್ಲಾಸ್ ಟೀಚರ್‌ಗೆ ಹೇಳಿಟ್ಟರೆ ಸ್ಟಾಫ್ ರೂಮಿನ ಒಂದು ಮೂಲೆ ಸಿಗುತ್ತೆ. ಬೆಂಚಲ್ಲೇ ಹಾಕಿಕೊಂಡರೂ ಮೊದಲ ವಾರ ನೋಡ್ತಾರೆ, ಆಮೇಲೆ ಯಾರೂ ತಿರುಗಿಯೂ ನೋಡಲ್ಲ.

ಮರೆಯಬಾರದ ಮಾತು ಒಂದಿದೆ: ಬುತ್ತಿ ತೆರೆದು ಎದುರಿಗೆ ಇಟ್ಟುಕೊಂಡ ಮೇಲೇ ಸೂಜಿ. ಬೆಳಿಗ್ಗೆ ಮನೆಯಲ್ಲಿ ಹಾಕಿಕೊಂಡು, ಬಸ್ಸಲ್ಲಿ ಕೂತು ತಿಂದರಾಯ್ತು ಅಂದುಕೊಂಡರೆ ಸೀಟು ಸಿಗದ ದಿನ ಕಷ್ಟ.

ಮುದ್ದೆ ಲೆಕ್ಕ

ರಾಗಿ ಒಳ್ಳೇದು ಅನ್ನೋದು ನಿಜ, ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲಿ ಕಾರ್ಬ್ ಇಲ್ಲ ಅಂತ ಯಾರೂ ಹೇಳಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬ್ ಇದೆ. ಮುದ್ದೆಯನ್ನ ತೂಗಬೇಡಿ, ಎಸರಿನ ನೀರು ದಿನಕ್ಕೊಂದು ಥರ ಇರುತ್ತೆ. ಹಿಟ್ಟನ್ನ ತೂಗಿ. ಪಾತ್ರೆಗೆ 400 ಗ್ರಾಂ ಹಿಟ್ಟು ಹಾಕಿ ಐದು ಸಮ ಮುದ್ದೆ ಕಟ್ಟಿದರೆ ಒಂದಕ್ಕೆ 80 ಗ್ರಾಂ ಹಿಟ್ಟು, ಅಂದರೆ 53–54 ಗ್ರಾಂ ಕಾರ್ಬ್. ಎರಡು ಮುದ್ದೆಗೆ 107. ನೀನು ಹಾಕ್ತಿರೋ 8 ಯೂನಿಟ್ ನೋಡಿಕೊಳ್ಳೋದು 80 ಚಿಲ್ಲರೆ ಗ್ರಾಂ. ಉಳಿದ 25 ಗ್ರಾಂಗೆ ಇನ್ಸುಲಿನ್ನೇ ಇಲ್ಲ. ನಿನ್ನ ತೂಕಕ್ಕೆ 1 ಗ್ರಾಂ ಕಾರ್ಬ್ ಶುಗರನ್ನ 3ರಿಂದ 4 ಏರಿಸುತ್ತೆ, ಅಂದರೆ 75ರಿಂದ 100. ನಿನ್ನ ಶುಗರ್ 280ಕ್ಕೆ ಏರೋದರ ಬಹುಪಾಲು ಇಲ್ಲೇ ಇದೆ.

ಕೋಲಾರದ ಕಡೆ ಎಸರಿಗೆ ನುಚ್ಚಕ್ಕಿ ಇಲ್ಲಾ ಅನ್ನ ಹಾಕಿ ಮುದ್ದೆ ತಿರುವೋ ವಾಡಿಕೆ ಇದೆ. ಆ ಅಕ್ಕಿನೂ ಲೆಕ್ಕಕ್ಕೆ ಬರಬೇಕು: 100 ಗ್ರಾಂ ಹಸಿ ಅಕ್ಕಿಗೆ 78 ಗ್ರಾಂ ಕಾರ್ಬ್. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರಿನ ಕಾಳನ್ನ ಬಿಡಬೇಡ, ಒಂದು ಸೌಟು ಗಟ್ಟಿ ಕಾಳಿಗೆ ಸುಮಾರು 8–10 ಗ್ರಾಂ, ಅದೂ ನಿಧಾನಕ್ಕೆ ಏರುತ್ತೆ. ಹಾಗಾಗಿ ಊಟವಾದ 2 ಗಂಟೆಗೆ ಚೆನ್ನಾಗಿದ್ದು 4 ಗಂಟೆಗೆ ಏರಿರಬಹುದು.

ಹಾಗಂತ ಮುದ್ದೆ ಬಿಡೋದು ಬೇಡ. ಒಂದು ಮುದ್ದೆ, ಜೊತೆಗೆ ಸೊಪ್ಪಿನ ಪಲ್ಯ, ಮೊಟ್ಟೆ ಇಲ್ಲಾ ಕಾಳು ಹೆಚ್ಚು ಮಾಡು. ಎರಡೇ ಬೇಕು ಅಂದರೆ ಡೋಸನ್ನ ಲೆಕ್ಕಕ್ಕೆ ಸರಿಯಾಗಿ ಡಾಕ್ಟರ್ ಹತ್ತಿರ ಬದಲಾಯಿಸಿಕೋ. ಬೆಳೆಯೋ ವಯಸ್ಸಲ್ಲಿ ಕೆಜಿಗೆ 1ರಿಂದ 1.5 ಯೂನಿಟ್‌ವರೆಗೂ ಬೇಕಾಗೋದು ಮಾಮೂಲು, ಡೋಸ್ ಹೆಚ್ಚಾಯ್ತು ಅಂದರೆ ಕಾಯಿಲೆ ಹೆಚ್ಚಾಯ್ತು ಅಂತ ಅರ್ಥ ಅಲ್ಲ. ಇದನ್ನ ಮನೆಯವರಿಗೆ ಬಿಡಿಸಿ ಹೇಳು.

ಮಾವಿಗೂ ಇದೇ ಲೆಕ್ಕ. 100 ಗ್ರಾಂ ತಿರುಳಿಗೆ ಸುಮಾರು 15 ಗ್ರಾಂ ಕಾರ್ಬ್. ಬಾದಾಮಿಯೋ ಬೇನಿಷಾನೋ, ಸಿಪ್ಪೆ ಓಟೆ ತೆಗೆದು ತಿರುಳು ತೂಗು. 150 ಗ್ರಾಂ ತಿಂದರೆ 22–23 ಗ್ರಾಂ, ಅಂದರೆ 2 ಯೂನಿಟ್ ಚಿಲ್ಲರೆ. ಊಟದ ಜೊತೆಗೇ ತಿಂದು ಒಂದೇ ಸೂಜಿಯಲ್ಲಿ ಮುಗಿಸು. ತೋಟದಲ್ಲಿ ಗಂಟೆಗೊಂದು ಹಣ್ಣು ತಿನ್ನೋದೇ ತೊಂದರೆ, ಅದಕ್ಕೆ ಯಾವ ಲೆಕ್ಕವೂ ಹೊಂದಲ್ಲ.

ಚಿಂತಾಮಣಿ ಫಾರ್ಮಸಿಸ್ಟ್

ಮೇಡಂ ಊಟದ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಔಷಧಿ ಇಡೋದು, ಕೊಳ್ಳೋದರ ಬಗ್ಗೆ ಹೇಳ್ತೀನಿ.

ಪೆನ್ ಕಾರ್ಟ್ರಿಡ್ಜ್ 3 ಎಂಎಲ್, ಅದರಲ್ಲಿ 300 ಯೂನಿಟ್. ನಿಮ್ಮ ಲಿಸ್ಪ್ರೋ ದಿನಕ್ಕೆ 26, ಜೊತೆಗೆ ಪ್ರತಿ ಸಲ ಹನಿ ನೋಡೋಕೆ 2ರಂತೆ 6, ಒಟ್ಟು 32. ಒಂದು ಕಾರ್ಟ್ರಿಡ್ಜ್ 9 ದಿನ, ತಿಂಗಳಿಗೆ 4 ಬೇಕು. ಗ್ಲಾರ್ಜಿನ್ 24ರಂತೆ 12 ದಿನ, ತಿಂಗಳಿಗೆ 3. ಮನೆಯಲ್ಲಿ ಯಾವತ್ತೂ ಒಂದೊಂದು ಹೆಚ್ಚಿಗೆ ಇರಲಿ. ಬಂದ್, ಹಬ್ಬ ಅಂತ ಅಂಗಡಿ ಮುಚ್ಚಿದರೂ ಇನ್ಸುಲಿನ್‌ಗೆ ರಜಾ ಇಲ್ಲ. ಜಿಲ್ಲಾಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ, ಬಿಪಿಯಂಥದ್ದನ್ನ ನೋಡೋ ಎನ್‌ಸಿಡಿ ಕ್ಲಿನಿಕ್ಕಲ್ಲಿ, ಜನೌಷಧಿ ಅಂಗಡಿಯಲ್ಲಿ ಯಾವ ಇನ್ಸುಲಿನ್ ಸಿಗುತ್ತೆ ಅಂತ ವಿಚಾರಿಸಿ. ಆದರೆ ಹೆಸರು ಬೇರೆ ಇದ್ದರೆ ಡಾಕ್ಟರನ್ನ ಕೇಳದೆ ಬದಲಾಯಿಸಬೇಡಿ.

ಜೀವಕ್ಕೆ ಕುತ್ತು ತರೋ ತಪ್ಪು ಒಂದಿದೆ, ಗಮನ ಇಟ್ಟು ಓದಿ. ನಮ್ಮಲ್ಲಿ ಸಿಗೋ ಇನ್ಸುಲಿನ್ ಬಾಟಲಿ ಹೆಚ್ಚಾಗಿ 1 ಎಂಎಲ್‌ಗೆ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ ಕಾರ್ಟ್ರಿಡ್ಜ್ 1 ಎಂಎಲ್‌ಗೆ 100 ಯೂನಿಟ್. ಪೆನ್ನು ಕೆಟ್ಟ ದಿನ ಕೆಂಪು ಮುಚ್ಚಳದ ಸಿರಿಂಜಲ್ಲಿ ಕಾರ್ಟ್ರಿಡ್ಜಿಂದ 10ರ ಗೆರೆವರೆಗೆ ಎಳೆದರೆ ಒಳಗೆ ಬರೋದು 25 ಯೂನಿಟ್. ಎರಡೂವರೆ ಪಟ್ಟು! 100ಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು. ಒಂದು ಹೆಚ್ಚಿನ ಪೆನ್ನು ಮನೆಯಲ್ಲಿದ್ದರೆ ಈ ಪರಿಸ್ಥಿತಿಯೇ ಬರಲ್ಲ.

ತೆರೆಯದ ಕಾರ್ಟ್ರಿಡ್ಜ್ ಫ್ರಿಜ್ಜಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಲಿ. ಬಾಗಿಲಿನ ಕಪಾಟು ಒಳ್ಳೇದು, ಫ್ರೀಜರ್ ಪಕ್ಕ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ. ತೆರೆದದ್ದು ಹೊರಗೆ 28 ದಿನ, ತೆರೆದ ತಾರೀಖನ್ನ ಮಾರ್ಕರಲ್ಲಿ ಪೆನ್ನಿನ ಮೇಲೇ ಬರೀರಿ. ಏಪ್ರಿಲ್ ಬಿಸಿಲಲ್ಲಿ ಫ್ರಿಜ್ ಇಲ್ಲದಿದ್ದರೆ, ಕರೆಂಟ್ ಇಲ್ಲದಿದ್ದರೆ ಮಡಕೆಯೊಳಗೆ ಮಡಕೆ ಇಡಿ: ದೊಡ್ಡ ಮಣ್ಣಿನ ಮಡಕೆ, ಅದರೊಳಗೆ ಚಿಕ್ಕದು, ನಡುವೆ ಒದ್ದೆ ಮರಳು. ಚಿಕ್ಕದರಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಇನ್ಸುಲಿನ್, ಮೇಲೆ ಒದ್ದೆ ಬಟ್ಟೆ. ನೆರಳು, ಗಾಳಿ ಇರೋ ಕಡೆ ಇಟ್ಟು ದಿನಕ್ಕೆರಡು ಸಲ ಮರಳಿಗೆ ನೀರು ಚಿಮುಕಿಸಿ. ಬ್ಯಾಗಲ್ಲಿ ಒಯ್ಯುವಾಗ ಐಸ್ ಪ್ಯಾಕಿಗೆ ಇನ್ಸುಲಿನ್ ತಾಗಬಾರದು, ನಡುವೆ ಟವೆಲ್ ಇರಲಿ. ಗಾಡಿ ಡಿಕ್ಕಿಯಲ್ಲಂತೂ ಇಡಲೇಬೇಡಿ. ನಿಮ್ಮ ಎರಡೂ ಇನ್ಸುಲಿನ್ ನೀರಿನ ಹಾಗೆ ತಿಳಿಯಾಗಿರಬೇಕು. ಮೋಡ, ಕಣ, ದಾರದ ಥರ ಏನೇ ಕಂಡರೂ ಎಸೆಯಿರಿ.

ಮಾವಿನತೋಪು

ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ಹಿಟ್ಟು ತೂಗೋದು ಅಮ್ಮನಿಗೂ ಅರ್ಥವಾಯ್ತು. ಬಸ್ಸಿನ ಲೋ ಬಗ್ಗೆ ಯಾರಾದ್ರೂ ಹೇಳಿ. ಕಾಲೇಜಲ್ಲಿ ಸಂಜೆ 4ಕ್ಕೆ ಕಬಡ್ಡಿ ಪ್ರಾಕ್ಟೀಸ್ ಶುರುವಾಗುತ್ತಂತೆ, ಸೇರಬಹುದಾ? ಪರೀಕ್ಷೆ ಹಾಲಿಗೆ ಮೀಟರ್ ಬಿಡ್ತಾರಾ?

ಪಿಟಿ ಮೇಷ್ಟ್ರು, ಮಾಲೂರು

ಧಾರಾಳವಾಗಿ ಸೇರು. ಆಡೋಕೆ ಮುಂಚೆ ಬೆರಳು ಚುಚ್ಚಿ ನೋಡು. 90ಕ್ಕಿಂತ ಕಡಿಮೆ ಇದ್ದರೆ 15 ಗ್ರಾಂ ಗ್ಲೂಕೋಸ್ ತಗೊಂಡು ಏರೋವರೆಗೆ ಕಾಯಿ. 90ರಿಂದ 150 ಇದ್ದರೆ ಎರಡು ಸಣ್ಣ ಏಲಕ್ಕಿ ಬಾಳೆ ತಿಂದು ಇಳಿ. 250 ದಾಟಿದ್ದರೆ ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ಬರೋ ಆಮ್ಲ) ಸ್ಟ್ರಿಪ್ ಹಾಕು, ಕೀಟೋನ್ ಇದ್ದರೆ ಆ ದಿನ ಆಟ ಬೇಡ. ಕಬಡ್ಡಿ ಜೋರು ಆಟ, ರೈಡ್ ಹೋಗಿ ಬಂದ ಕೂಡಲೇ ಶುಗರ್ ಏರಿದ್ದರೂ ಸೂಜಿ ಹಾಕಿಕೊಳ್ಳೋಕೆ ಓಡಬೇಡ, ಅದು ಅಡ್ರಿನಲಿನ್ ಕೆಲಸ, ತಾನಾಗಿ ಇಳಿಯುತ್ತೆ. ನಿಜವಾದ ಇಳಿತ ಬರೋದು ರಾತ್ರಿ. ಖಾಲಿಯಾದ ಸ್ನಾಯು ಸಕ್ಕರೆ ಎಳೆದುಕೊಳ್ಳೋದು 24 ಗಂಟೆವರೆಗೂ ನಡೀಬಹುದು. ಆಡಿದ ದಿನ ಮಲಗುವಾಗ ಕಡಿಮೆ ಕಂಡರೆ ಒಂದು ಲೋಟ ಹಾಲು, ಮೊದಮೊದಲು ಬೆಳಗಿನ ಜಾವ 2–3ಕ್ಕೆ ಅಲಾರಂ ಇಟ್ಟು ಒಂದು ಟೆಸ್ಟ್. ಆ ದಿನಗಳಿಗೆ ಗ್ಲಾರ್ಜಿನ್ ಎಷ್ಟು ಕಡಿಮೆ ಮಾಡಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೋ.

ಬಸ್ಸಿಗೆ: ಗ್ಲೂಕೋಸ್ ಪುಡಿಯನ್ನ ಮನೆಯಲ್ಲೇ 15 ಗ್ರಾಂನಂತೆ ತೂಗಿ ಸಣ್ಣ ಪೊಟ್ಟಣ ಮಾಡಿ, ಪ್ಯಾಂಟಿನ ಜೇಬಲ್ಲಿ ಮೂರು ಇರಲಿ. ಬ್ಯಾಗಲ್ಲಿ ಬೇಡ, ರಶ್ಶಲ್ಲಿ ಬ್ಯಾಗ್ ಯಾರದ್ದೋ ತೊಡೆ ಮೇಲಿರುತ್ತೆ. ಕೈ ನಡುಕ, ಬೆವರು, ವಿನಾಕಾರಣ ಸಿಟ್ಟು ಬಂದರೆ ಟೆಸ್ಟ್ ಮಾಡೋಕೆ ಜಾಗ ಹುಡುಕುತ್ತಾ ನಿಲ್ಲಬೇಡ, ಪುಡಿ ಬಾಯಿಗೆ ಹಾಕಿಕೊಂಡು ನೀರು ಕುಡಿ, ಸೀಟು ಕೇಳಿ ಕೂತುಕೋ. 15 ನಿಮಿಷಕ್ಕೆ ನೋಡು, ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೊಂದು ಪೊಟ್ಟಣ. ಚಾಕೊಲೇಟು, ಕ್ರೀಂ ಬಿಸ್ಕೆಟ್ ಈ ಹೊತ್ತಿಗಲ್ಲ, ಅದರ ಕೊಬ್ಬು ಸಕ್ಕರೆಯನ್ನ ತಡ ಮಾಡುತ್ತೆ. ಜೊತೆಗೆ ಬರೋ ಒಬ್ಬ ಗೆಳೆಯನಿಗಾದರೂ ಹೇಳಿಕೊಡು: ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಪರೀಕ್ಷೆಗೆ ಡಾಕ್ಟರ್ ಸರ್ಟಿಫಿಕೇಟ್ ಜೊತೆ ಪ್ರಿನ್ಸಿಪಾಲರಿಗೆ ಒಂದು ತಿಂಗಳು ಮುಂಚೆಯೇ ಅರ್ಜಿ ಕೊಟ್ಟು, ಬೇರೆ ಸೆಂಟರ್ ಬಿದ್ದರೆ ಅಲ್ಲಿನ ಮುಖ್ಯ ಅಧೀಕ್ಷಕರಿಗೂ ಪ್ರತಿ ತಲುಪಿಸು. ಮೀಟರ್, ಪೊಟ್ಟಣ, ನೀರು ಅಂತ ಒಂದೊಂದನ್ನೂ ಹೆಸರಿಸಿ ಬರಿ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಮಕ್ಕಳಿಗೆ ತಿನಿಸು ಒಯ್ಯೋಕೆ ಒಪ್ಪಿಗೆ ಕೊಟ್ಟಿದೆ. ಜೆಇಇ ಮೇನ್‌ನಲ್ಲೂ ಸಕ್ಕರೆ ಮಾತ್ರೆ, ಬಾಳೆಹಣ್ಣು, ಸೇಬು, ಕಿತ್ತಳೆ, ಪಾರದರ್ಶಕ ನೀರಿನ ಬಾಟಲಿಗೆ ಅವಕಾಶ ಇದೆ.

ಶುಗರ್ ನರ್ಸ್, ತುಮಕೂರು

ಅಜ್ಜಿಯ ಪ್ರಶ್ನೆ ಉಳಿದುಹೋಗಿತ್ತು. ಅವರಿಗೆ ಎದುರು ಮಾತಾಡಬೇಡ, ಕೂರಿಸಿಕೊಂಡು ಹೇಳು. ಊರಲ್ಲಿ ದೊಡ್ಡವರಿಗೆ ಬರೋ ಸಕ್ಕರೆ ಕಾಯಿಲೆಯಲ್ಲಿ ಮೈಯಲ್ಲಿ ಇನ್ಸುಲಿನ್ ಇರುತ್ತೆ, ಸಾಲದು ಅಷ್ಟೇ. ಟೈಪ್ 1ರಲ್ಲಿ ಅದನ್ನ ಮಾಡೋ ಕಣಗಳನ್ನ ಮೈಯೇ ನಾಶ ಮಾಡಿರುತ್ತೆ. ಹಾಗಲಕಾಯಿ ರಸ, ಅಮೃತಬಳ್ಳಿ, ಮೆಂತ್ಯ ಯಾವುದೂ ಆ ಕಣಗಳನ್ನ ಮತ್ತೆ ತರಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಸಲ ಇನ್ಸುಲಿನ್ ಚುಚ್ಚಿಸಿಕೊಂಡದ್ದು 14 ವರ್ಷದ ಹುಡುಗ. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಉಳೀತಿರಲಿಲ್ಲ.

ಸೂಜಿ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಕೀಟೋನ್ ಏರುತ್ತೆ: ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಲ್ಲಿ ಕೊಳೆತ ಹಣ್ಣಿನ ವಾಸನೆ. ಹಾಗೆ ಕಂಡರೆ ರಾತ್ರಿಯೇ ಆಗಿರಲಿ, ಆಸ್ಪತ್ರೆಗೆ ಹೊರಡಬೇಕು. ಜ್ವರ ಬಂದು ಊಟ ಸೇರದಿದ್ದರೂ ಗ್ಲಾರ್ಜಿನ್ ನಿಲ್ಲಿಸಬಾರದು ಅನ್ನೋದನ್ನೂ ಅಜ್ಜಿಗೆ ಹೇಳು. ‘ಊಟವೇ ಮಾಡಿಲ್ಲ, ಸೂಜಿ ಯಾಕೆ’ ಅಂತ ಪ್ರೀತಿಯಿಂದ ತಡೆಯೋದು ಹಿರಿಯರೇ.

ಅವರಿಗೊಂದು ಕೆಲಸ ಒಪ್ಪಿಸು: ರಾತ್ರಿ 10ಕ್ಕೆ ಗ್ಲಾರ್ಜಿನ್ ನೆನಪಿಸೋದು, ಮುದ್ದೆ ಹಿಟ್ಟು ತೂಗೋದು.